ಬಡ್ಡಿ ಬೇಡ, ಸರಿ, ಲೆಕ್ಕವೂ ಬೇಡವೇ?

ರಂಝಾನ್ ಬಂತೆಂದರೆ ನಮ್ಮ ಫೋನಿಗೆ ಒಂದೇ ಬಗೆಯ ಕರೆಗಳು. ಜುಬೈಲ್‌ನಿಂದ, ದೋಹಾದಿಂದ, ದುಬೈಯಿಂದ, ಉಳ್ಳಾಲದಿಂದ, ವಿಟ್ಲದಿಂದ. "ಝಕಾತ್ ಎಷ್ಟು ಕೊಡಬೇಕು, ಒಮ್ಮೆ ಲೆಕ್ಕ ಹಾಕಿ ಹೇಳಿ." ಬಿ.ಕಾಂ. ಓದಿ, ಪರರ ಲೆಕ್ಕ ಬರೆದೇ ಹೊಟ್ಟೆ ಹೊರೆಯುವ ನಮಗೆ ಇದು ಕಷ್ಟದ ಕೆಲಸವಲ್ಲ, ಸಂತೋಷದ ಕೆಲಸ. ಇಲ್ಲಿ ಅಮೆರಿಕದ ಮೇರಿಲ್ಯಾಂಡಿನ ಲ್ಯಾನ್‌ಹ್ಯಾಮ್‌ನಲ್ಲಿ ತರಾವೀಹ್ ಮುಗಿಸಿ ಮನೆ ಸೇರುವಾಗ ಊರಿನಲ್ಲಿ ಬೆಳಗಾಗಿರುತ್ತದೆ. ಪೆನ್ನು, ಕಾಗದ ಹಿಡಿದು ಕೂತು ಕೇಳುತ್ತೇವೆ.

"ಬ್ಯಾಂಕಿನಲ್ಲಿ ಎಷ್ಟುಂಟು ಕಾಕ?"

"ನಾಲ್ಕು ಲಕ್ಷದ ಚಿಲ್ಲರೆ."

"ಅದರಲ್ಲಿ ಬಡ್ಡಿ ಎಷ್ಟು?"

ಆ ಕಡೆಯಿಂದ ಸ್ವಲ್ಪ ಬೇಸರದ ದನಿ. "ನಾವು ಬಡ್ಡಿ ಮುಟ್ಟುವವರಲ್ಲ ಮಾರಾಯ್ರೇ. ಅದರ ಲೆಕ್ಕ ನಮಗೆ ಎಂತಕ್ಕೆ?"

ಈ ಲೇಖನ ಆ ಒಂದು ಮಾತಿನ ವಿರುದ್ಧ. ಆ ಮಾತು ಆಡುವವರ ವಿರುದ್ಧ ಅಲ್ಲ, ಯಾಕೆಂದರೆ ಅವರು ನಾವೇ. ಬಡ್ಡಿ ಬೇಡ ಎನ್ನುವುದು ನಮ್ಮ ನಂಬಿಕೆ. ಅದರ ಬಗ್ಗೆ ಇಲ್ಲಿ ಚರ್ಚೆ ಇಲ್ಲ. ಆದರೆ ನಮ್ಮ ಖಾತೆಗೆ ಯಾವಾಗ, ಎಷ್ಟು ಬಡ್ಡಿ ಬೀಳುತ್ತದೆ ಎಂದು ತಿಳಿಯುವುದೇ ಬೇಡ ಎನ್ನುವುದು ನಂಬಿಕೆ ಅಲ್ಲ, ಸೋಮಾರಿತನ. ಎರಡನ್ನೂ ಒಂದೇ ಎಂದು ನಾವು ಎಷ್ಟೋ ವರ್ಷಗಳಿಂದ ನಮಗೆ ನಾವೇ ಹೇಳಿಕೊಂಡು ಬಂದಿದ್ದೇವೆ. ಅಕ್ಕಿಯಲ್ಲಿ ಕಲ್ಲು ಯಾವುದೆಂದು ಗೊತ್ತಿಲ್ಲದವನು "ನಾನು ಕಲ್ಲು ತಿನ್ನುವವನಲ್ಲ" ಎಂದರೆ ಏನು ಪ್ರಯೋಜನ?

ಹೋದ ವರ್ಷದ ಒಂದು ಸಂಗತಿ ಹೇಳುತ್ತೇವೆ. ಇಪ್ಪತ್ತೊಂದು ವರ್ಷ ಸೌದಿಯಲ್ಲಿ ದುಡಿದು ಊರಿಗೆ ಮರಳಿದವರು ಒಬ್ಬರು. ಐದು ಹೊತ್ತಿನ ನಮಾಝ್ ತಪ್ಪಿಸಿದವರಲ್ಲ, ಯಾರ ಹತ್ತಿರವೂ ಬಡ್ಡಿಗೆ ಸಾಲ ತೆಗೆದವರಲ್ಲ. ಊರಿನ ಬ್ಯಾಂಕಿನಲ್ಲಿ ಅವರದೊಂದು ಉಳಿತಾಯ ಖಾತೆ. "ಬಡ್ಡಿಯನ್ನು ನಾವು ಬ್ಯಾಂಕಿಗೇ ಬಿಟ್ಟಿದ್ದೇವೆ" ಎಂದು ಯಾವಾಗಲೂ ಹೇಳುತ್ತಿದ್ದರು. ಮಗಳ ಮದುವೆಗೆ ಆ ಖಾತೆಯಿಂದಲೇ ಹಣ ತೆಗೆದರು. ಝಕಾತ್ ಲೆಕ್ಕಕ್ಕೆಂದು ಹನ್ನೆರಡು ವರ್ಷದ ಸ್ಟೇಟ್‌ಮೆಂಟ್ ತರಿಸಿದೆವು. ಬಡ್ಡಿ ಜಮಾ ಆದ ಸಾಲುಗಳನ್ನು ಒಂದೊಂದಾಗಿ ಗುರುತಿಸಿ ಕೂಡಿಸಿದೆವು. ಒಟ್ಟು ₹1,16,430. ಖಾತೆಯಲ್ಲಿ ಉಳಿದದ್ದು ಒಂಬತ್ತು ಸಾವಿರ. ಬಾಕಿ ಎಲ್ಲಾ ಮದುವೆಯ ಊಟಕ್ಕೆ, ಚಪ್ಪರಕ್ಕೆ ಹೋಗಿತ್ತು. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ ಕೇಳಿದರು, "ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ?"

ಹೇಳಬೇಕಾದವರು ನಾವು. ಹೇಳಲಿಲ್ಲ. ಈಗ ಹೇಳುತ್ತೇವೆ.

ಮೊದಲನೆಯದು, ಬಡ್ಡಿ ಯಾವಾಗ ಹುಟ್ಟುತ್ತದೆ? ನಮ್ಮ ಹಿರಿಯರಲ್ಲಿ ಇವತ್ತಿಗೂ ಒಂದು ಮಾತು ಉಂಟು: "ಹತ್ತನೇ ತಾರೀಖಿನ ಒಳಗೆ ಹಣ ಬಿದ್ದರೆ ಮಾತ್ರ ಬಡ್ಡಿ." ಒಂದು ಕಾಲದಲ್ಲಿ ಇದು ನಿಜವಾಗಿತ್ತು. ಆಗ ತಿಂಗಳ ಹತ್ತನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಎಲ್ಲಕ್ಕಿಂತ ಕಡಿಮೆ ಇದ್ದ ಮೊತ್ತ ಯಾವುದೋ ಅದಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಐದನೇ ತಾರೀಖಿಗೆ ಗಲ್ಫಿನಿಂದ ಒಂದು ಲಕ್ಷ ಬಂತು, ಇಪ್ಪತ್ತೆಂಟಕ್ಕೆ ಮನೆಯವರು ತೊಂಬತ್ತೈದು ಸಾವಿರ ತೆಗೆದರು ಅಂದುಕೊಳ್ಳಿ. ಬ್ಯಾಂಕು ಐದು ಸಾವಿರಕ್ಕೆ ಮಾತ್ರ ಬಡ್ಡಿ ಕೊಡುತ್ತಿತ್ತು. ಆಗಿನ 3.5% ದರದಲ್ಲಿ ಹದಿನೈದು ರೂಪಾಯಿಗೂ ಕಡಿಮೆ.

2010ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕ್ ಈ ಪದ್ಧತಿ ತೆಗೆದುಹಾಕಿತು. ಈಗ ಲೆಕ್ಕ ದಿನದ್ದು. ಪ್ರತಿ ದಿನದ ಕೊನೆಗೆ ಖಾತೆಯಲ್ಲಿ ಎಷ್ಟು ಉಂಟೋ ಅದಕ್ಕೆ ಆ ದಿನದ ಬಡ್ಡಿ. ಅದೇ ಒಂದು ಲಕ್ಷ ಐದರಿಂದ ಇಪ್ಪತ್ತೇಳರವರೆಗೆ ಖಾತೆಯಲ್ಲಿ ಇದ್ದರೆ ಅದೇ ದರದಲ್ಲಿ ಇನ್ನೂರ ಇಪ್ಪತ್ತು ರೂಪಾಯಿ. ನಿಯಮ ಬದಲಾಗಿ ಹದಿನೈದು ವರ್ಷ ದಾಟಿತು. ಹತ್ತನೇ ತಾರೀಖು ಕಳೆದ ಮೇಲೆ ಹಾಕಿದ ಹಣಕ್ಕೆ ಬಡ್ಡಿ ಇಲ್ಲ, ಆದ್ದರಿಂದ ಅದು "ಶುದ್ಧ" ಎಂದು ನಂಬಿ, ಬೇಕೆಂದೇ ಹನ್ನೊಂದಕ್ಕೆ ಹಣ ಕಳಿಸುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರ ಪ್ರಾಮಾಣಿಕತೆಗೆ ಸಲಾಂ. ಆದರೆ ಮಾಹಿತಿ ತಪ್ಪಾದರೆ ಪ್ರಾಮಾಣಿಕತೆ ಏನು ಮಾಡೀತು?

ಎರಡನೆಯದು, ಎಷ್ಟು? 2011ರ ಅಕ್ಟೋಬರ್ 25ರಿಂದ ಉಳಿತಾಯ ಖಾತೆಯ ದರವನ್ನು ಆಯಾ ಬ್ಯಾಂಕೇ ತೀರ್ಮಾನಿಸುತ್ತದೆ. ಹಾಗಾಗಿ ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ದರ. ಸ್ಟೇಟ್ ಬ್ಯಾಂಕಿನಲ್ಲಿ 2025ರ ಜೂನ್‌ನಿಂದ ವರ್ಷಕ್ಕೆ 2.5%. ಲೆಕ್ಕ ಹಾಕುವುದು ಬ್ರಹ್ಮವಿದ್ಯೆ ಅಲ್ಲ. ಖಾತೆಯ ಮೊತ್ತವನ್ನು ದರದಿಂದ ಗುಣಿಸಿ, ನೂರರಿಂದ ಭಾಗಿಸಿ, ಮತ್ತೆ 365ರಿಂದ ಭಾಗಿಸಿ. ಮೂರು ಲಕ್ಷ ಇದ್ದರೆ ದಿನಕ್ಕೆ ₹20.55. ನಾವು ಮಲಗಿದ್ದರೂ, ನಮಾಝಿನಲ್ಲಿ ಇದ್ದರೂ, ಬೇಡ ಅಂದರೂ ಆ ಇಪ್ಪತ್ತು ರೂಪಾಯಿ ಹುಟ್ಟುತ್ತಲೇ ಇರುತ್ತದೆ.

ಮೂರನೆಯದು, ಖಾತೆಗೆ ಯಾವಾಗ ಬೀಳುತ್ತದೆ? ದಿನದಿನದ ಬಡ್ಡಿಯನ್ನು ಬ್ಯಾಂಕು ಬದಿಯಲ್ಲಿ ಬರೆದಿಟ್ಟು, ಮೂರು ತಿಂಗಳಿಗೊಮ್ಮೆ ಅಥವಾ ಅದಕ್ಕಿಂತ ಬೇಗ ಖಾತೆಗೆ ಸೇರಿಸಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ. ಆ ದಿನ ಪಾಸ್‌ಬುಕ್ಕಿನಲ್ಲಿ ಒಂದು ಸಾಲು ಬರುತ್ತದೆ: "ಇಂಟ್." ಎಂದೋ "ಇಂಟರೆಸ್ಟ್ ಕ್ರೆಡಿಟ್" ಎಂದೋ. ಹೆಚ್ಚಿನವರು ಕಣ್ಣು ಹಾಯಿಸಿ ಬಿಡುವ ಸಾಲು ಅದು. ವರ್ಷಕ್ಕೆ ಅಂಥ ನಾಲ್ಕು ಸಾಲು. ಆ ನಾಲ್ಕನ್ನು ಕೂಡಿಸಿದರೆ ನಿಮ್ಮ ವರ್ಷದ ಬಡ್ಡಿ. ಇಷ್ಟೇ. ಇದಕ್ಕೆ ಅಕೌಂಟೆಂಟ್ ಬೇಡ, ಐದನೇ ಕ್ಲಾಸಿನ ಮಗು ಸಾಕು.

ಈಗ "ಬ್ಯಾಂಕಿಗೇ ಬಿಟ್ಟೆವು" ಎನ್ನುವ ಮಾತಿಗೆ ಬರೋಣ. ಆ ಸಾಲು ಬಿದ್ದ ಕ್ಷಣದಿಂದ ಬಡ್ಡಿ ಅಸಲಿನೊಳಗೆ ಸೇರಿತು. ಮಾರನೆಯ ದಿನದಿಂದ ಆ ಬಡ್ಡಿಗೂ ಬಡ್ಡಿ. ಎಟಿಎಂನಿಂದ ಹತ್ತು ಸಾವಿರ ತೆಗೆದರೆ ಅದು ಅಸಲೋ ಬಡ್ಡಿಯೋ ಎಂದು ಮಷೀನು ಹೇಳುವುದಿಲ್ಲ. ಮೂರು ಲಕ್ಷ ಹಾಕಿ ಹತ್ತು ವರ್ಷ ಮುಟ್ಟದೆ ಇಟ್ಟರೆ, ದರ ಮೂರು ಪರ್ಸೆಂಟ್ ಎಂದೇ ಹಿಡಿದರೂ, ಒಂದು ಲಕ್ಷದ ನಾಲ್ಕು ಸಾವಿರಕ್ಕೂ ಹೆಚ್ಚು ಬಡ್ಡಿ ಸೇರಿರುತ್ತದೆ. ಖಾತೆಯನ್ನೇ ಮರೆತರೆ? ಎರಡು ವರ್ಷ ವ್ಯವಹಾರ ಇಲ್ಲದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ. ಆಗಲೂ ಉಳಿತಾಯ ಖಾತೆಗೆ ಬಡ್ಡಿ ಬೀಳುತ್ತಲೇ ಇರುತ್ತದೆ. ಹತ್ತು ವರ್ಷವಾದರೆ ಮೊತ್ತ ರಿಸರ್ವ್ ಬ್ಯಾಂಕಿನ ಠೇವಣಿದಾರರ ಜಾಗೃತಿ ನಿಧಿಗೆ ಹೋಗುತ್ತದೆ. ಆಗಲೂ ಹಣದ ಮೇಲಿನ ಹಕ್ಕು ನಿಮ್ಮದೇ, ನಿಮ್ಮ ವಾರಸುದಾರರದ್ದೇ. ತೀರಿಹೋದ ಹಿರಿಯರ ಹಣ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಲು 2023ರ ಆಗಸ್ಟ್‌ನಿಂದ "ಉದ್ಗಮ್" ಎನ್ನುವ ಪೋರ್ಟಲ್ ಕೂಡ ಉಂಟು. ಅಂದರೆ ನಾವು ಬಿಟ್ಟೆವು ಎಂದುಕೊಂಡ ಹಣ ಎಲ್ಲಿಗೂ ಹೋಗಿರುವುದಿಲ್ಲ. ನಮ್ಮ ಹೆಸರಿನಲ್ಲೇ ಕೂತಿರುತ್ತದೆ.

ನಿಜವಾಗಿಯೂ ಬಡ್ಡಿ ಬೇಡದವರಿಗೆ ದಾರಿ ಇಲ್ಲವೇ? ಉಂಟು. ಕರೆಂಟ್ ಅಕೌಂಟಿಗೆ ಭಾರತದಲ್ಲಿ ಬಡ್ಡಿ ಇಲ್ಲ. ವಿದೇಶದಲ್ಲಿ ದುಡಿಯುವವರ ಎನ್‌ಆರ್‌ಇ ಖಾತೆಯನ್ನೂ ಕರೆಂಟ್ ಖಾತೆಯಾಗಿ ತೆರೆಯಬಹುದು. ಅದರಲ್ಲಿ ಇಡಬೇಕಾದ ಕನಿಷ್ಠ ಮೊತ್ತ ಸಾಮಾನ್ಯವಾಗಿ ಹೆಚ್ಚು, ಅದನ್ನು ಮೊದಲೇ ಕೇಳಿಕೊಳ್ಳಿ. ಅದು ಆಗದವರು ಉಳಿತಾಯ ಖಾತೆಯ ಬಡ್ಡಿಯನ್ನು ಪ್ರತಿ ಮೂರು ತಿಂಗಳಿಗೆ ಗುರುತಿಸಿ, ತೆಗೆದು, ಬೇರೆ ಮಾಡಬಹುದು. ಸವಾಬಿನ ಆಸೆ ಇಲ್ಲದೆ ಅದನ್ನು ಬಡವರಿಗೆ ಕೊಡಬೇಕೆಂದು ಹಲವು ಉಲಮಾಗಳು ಹೇಳುತ್ತಾರೆ. ನಾವು ಲೆಕ್ಕದವರು, ಫತ್ವಾ ಕೊಡುವವರಲ್ಲ. ನಿಮ್ಮ ಉಸ್ತಾದರನ್ನು ಕೇಳಿ. ಆದರೆ ಕೇಳಲು ಹೋಗುವಾಗ ಕೈಯಲ್ಲಿ ಒಂದು ಅಂಕಿ ಇರಲಿ. "ಎಷ್ಟೋ ಬಡ್ಡಿ ಬಂದಿದೆ" ಎಂದರೆ ಪಾಪ ಉಸ್ತಾದರು ಎಂತ ಹೇಳುವುದು?

ಇನ್ನೊಂದು ಕಡೆ ಹಣ ಸುಮ್ಮನೆ ಸೋರಿ ಹೋಗುತ್ತದೆ. ವಿದೇಶಕ್ಕೆ ದುಡಿಯಲು ಹೋದ ಮೇಲೆ ಊರಿನ ಸಾಮಾನ್ಯ ಎಸ್‌ಬಿ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಅದನ್ನು ಎನ್‌ಆರ್‌ಒ ಮಾಡಿಸಬೇಕು, ಇಲ್ಲಿಂದ ಕಳಿಸುವ ದುಡಿಮೆಗೆ ಎನ್‌ಆರ್‌ಇ ತೆರೆಯಬಹುದು. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಒ ಬಡ್ಡಿಗೆ ಸೆಸ್ ಸೇರಿ 31.2% ಮೂಲದಲ್ಲೇ ಕಡಿತ. ಹತ್ತು ಸಾವಿರ ಬಡ್ಡಿಯಲ್ಲಿ ₹3,120 ಹೋಯಿತು. ಭಾರತದಲ್ಲಿ ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವರು ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು. ಆ ಹಣ ನಮಗೆ ಬೇಡ ಎನ್ನುತ್ತೀರಾ? ನಮಗೆ ಬೇಡವಾದರೆ ಊರಿನ ಡಯಾಲಿಸಿಸ್ ರೋಗಿಗೆ ಬೇಕು. ಗೊತ್ತಿಲ್ಲದೆ ಬಿಟ್ಟ ಹಣ ದಾನ ಆಗುವುದಿಲ್ಲ, ನಷ್ಟ ಆಗುತ್ತದೆ.

ಅಮೆರಿಕಕ್ಕೆ ಬಂದ ನಮ್ಮವರಿಗಂತೂ ಇದು ಇನ್ನೂ ಬಿಗಿ. ನಮ್ಮ ಲ್ಯಾನ್‌ಹ್ಯಾಮ್‌ನಲ್ಲಿ ನ್ಯೂ ಕ್ಯಾರಲ್‌ಟನ್ ಮೆಟ್ರೋ ಸ್ಟೇಷನ್ನಿನ ಹತ್ತಿರ, ಎಲಿನ್ ರಸ್ತೆಯಲ್ಲಿ, ಈ ದೇಶದ ತೆರಿಗೆ ಇಲಾಖೆ ಐಆರ್‌ಎಸ್‌ನ ದೊಡ್ಡ ಕಚೇರಿ ಉಂಟು. ಅದರ ಎದುರಿನಲ್ಲೇ ಓಡಾಡುತ್ತಾ "ಬಡ್ಡಿ ನಮಗೆ ಸಂಬಂಧವಿಲ್ಲ" ಎನ್ನುವವರನ್ನು ನೋಡಿದ್ದೇವೆ. ಇಲ್ಲಿಯ ಉಳಿತಾಯ ಖಾತೆಗಳಲ್ಲಿ ಬಡ್ಡಿ ಸಾಮಾನ್ಯವಾಗಿ ದಿನಾ ಹುಟ್ಟಿ ತಿಂಗಳಿಗೊಮ್ಮೆ ಬೀಳುತ್ತದೆ. ವರ್ಷಕ್ಕೆ ಹತ್ತು ಡಾಲರ್ ಆದರೆ ಬ್ಯಾಂಕು 1099-ಐಎನ್‌ಟಿ ಎಂಬ ಫಾರಂ ಕಳಿಸುತ್ತದೆ. ಹತ್ತಕ್ಕಿಂತ ಕಡಿಮೆಯಾದರೂ ಆದಾಯದಲ್ಲಿ ತೋರಿಸಬೇಕು. ದಾನ ಕೊಟ್ಟೆವು ಎಂದರೂ ಖಾತೆಗೆ ಬಿದ್ದ ವರ್ಷ ಅದು ನಿಮ್ಮ ಆದಾಯವೇ. ಊರಿನ ಎನ್‌ಆರ್‌ಇ ಬಡ್ಡಿ ಭಾರತದಲ್ಲಿ ತೆರಿಗೆ ಇಲ್ಲದ್ದು, ಆದರೆ ತೆರಿಗೆ ಲೆಕ್ಕದಲ್ಲಿ ಇಲ್ಲಿಯ ನಿವಾಸಿಯಾದವರಿಗೆ ಇಲ್ಲಿ ತೆರಿಗೆ ಉಂಟು. ಊರಿನ ಖಾತೆಗಳೆಲ್ಲಾ ಸೇರಿ ವರ್ಷದ ಯಾವುದಾದರೂ ಒಂದು ದಿನ ಹತ್ತು ಸಾವಿರ ಡಾಲರ್ ದಾಟಿದರೆ ಎಫ್‌ಬಾರ್ ಎಂಬ ವರದಿ ಸಲ್ಲಿಸಬೇಕು. ಉಮ್ಮನ ಜೊತೆಗಿನ ಜಂಟಿ ಖಾತೆಯೂ ಅದರಲ್ಲಿ ಸೇರುತ್ತದೆ. ತಿಳಿಯದೆ ಬಿಟ್ಟರೂ ದಂಡ ಹತ್ತು ಸಾವಿರ ಡಾಲರ್ ದಾಟಬಹುದು. "ನಾವು ಬಡ್ಡಿ ನೋಡುವವರಲ್ಲ" ಎನ್ನುವ ಉತ್ತರಕ್ಕೆ ಆ ಕಟ್ಟಡದಲ್ಲಿ ಬೆಲೆ ಇಲ್ಲ.

ಕೆಲವರು ಹೇಳುತ್ತಾರೆ, "ಬಡ್ಡಿಯ ಲೆಕ್ಕ ಕಲಿಸಿದರೆ ಜನರಿಗೆ ಬಡ್ಡಿಯ ಆಸೆ ಹುಟ್ಟುತ್ತದೆ." ನಾವು ಕಂಡದ್ದು ಇದರ ಉಲ್ಟಾ. ಲೆಕ್ಕ ಗೊತ್ತಿಲ್ಲದವರೇ ಮೋಸಕ್ಕೆ ಬೀಳುವುದು. ಬೆಂಗಳೂರಿನ ಐಎಂಎ ಯಾರಿಗೆ ಮರೆತಿದೆ? "ಹಲಾಲ್ ಹೂಡಿಕೆ", "ಬಡ್ಡಿ ಅಲ್ಲ, ಲಾಭ" ಎಂದು ಜನರ ಹಣ ಪಡೆದ ಕಂಪೆನಿ 2019ರ ಜೂನ್‌ನಲ್ಲಿ ಬಾಗಿಲು ಹಾಕಿತು. ಮುಖ್ಯಸ್ಥ ಮನ್ಸೂರ್ ಖಾನ್ ದುಬೈಗೆ ಹೋಗಿ, ಜುಲೈಯಲ್ಲಿ ದಿಲ್ಲಿಯಲ್ಲಿ ಬಂಧನಕ್ಕೊಳಗಾದರು. ದೂರು ಕೊಟ್ಟವರು ನಲವತ್ತು ಸಾವಿರಕ್ಕೂ ಹೆಚ್ಚು. ಅವರಲ್ಲಿ ವಿಧವೆಯರಿದ್ದರು, ನಿವೃತ್ತರಿದ್ದರು, ಗಲ್ಫಿನ ದುಡಿಮೆ ಹಾಕಿದವರಿದ್ದರು. ಉಳಿತಾಯ ಖಾತೆಯ ಎರಡೂವರೆ ಪರ್ಸೆಂಟ್ ಹೇಗೆ ಹುಟ್ಟುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿದವನು ಮುಂದಿನ ಪ್ರಶ್ನೆಯನ್ನೂ ಕೇಳುತ್ತಾನೆ: "ಪ್ರತಿ ತಿಂಗಳು ಇಷ್ಟು ಲಾಭ ಕೊಡುತ್ತೀರಲ್ಲ, ಎಲ್ಲಿಂದ?" ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಉಂಟು. ಇಂಥ ಕಂಪೆನಿಗೆ ಕೊಟ್ಟ ಹಣಕ್ಕೆ ಅದು ಇಲ್ಲ ಎಂಬುದಾದರೂ ನಮಗೆ ಗೊತ್ತಿರಬೇಕಿತ್ತು. "ಬಡ್ಡಿ" ಎನ್ನುವ ಶಬ್ದಕ್ಕೆ ಹೆದರಿದೆವು, ಆದರೆ "ಲಾಭ" ಎನ್ನುವ ಶಬ್ದವನ್ನು ಪರೀಕ್ಷಿಸಲೇ ಇಲ್ಲ.

ಬಡ್ಡಿ ಇಲ್ಲದ ಬ್ಯಾಂಕು ಬರಲಿ, ಆಮೇಲೆ ನೋಡೋಣ ಎನ್ನುವವರಿಗೂ ಒಂದು ಮಾತು. ನಮ್ಮ ದೇಶದ ಬ್ಯಾಂಕುಗಳಲ್ಲಿ ಇಸ್ಲಾಮಿಕ್ ಬ್ಯಾಂಕಿಂಗ್ ತರುವ ಪ್ರಸ್ತಾವವನ್ನು ಮುಂದುವರಿಸುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ತಿಳಿಸಿದೆ. ಕಾಯುತ್ತಾ ಕೂರುವವರ ಖಾತೆಗೆ ಈ ಮೂರು ತಿಂಗಳ ಬಡ್ಡಿ ಆಗಲೇ ಬಿದ್ದಾಯಿತು.

ನಮ್ಮ ದೀನ್ ಲೆಕ್ಕ ಬೇಡ ಎಂದು ಎಲ್ಲೂ ಹೇಳಿಲ್ಲ. ಸೂರಃ ಅಲ್ ಬಕರದಲ್ಲಿ 275ನೇ ಆಯತ್ ಬಡ್ಡಿಯನ್ನು ನಿಷೇಧಿಸುತ್ತದೆ. ಅದೇ ಸೂರದಲ್ಲಿ, ಏಳೇ ಆಯತ್ ದಾಟಿದರೆ 282. ಇಡೀ ಕುರ್‌ಆನ್‌ನಲ್ಲಿ ಅತಿ ಉದ್ದದ ಆಯತ್ ಅದು. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು, ಸಾಕ್ಷಿ ಇಡುವುದು, ಮೊತ್ತ ಸಣ್ಣದಾದರೂ ಬೇಸರಪಡದಿರುವುದು. ಮೊದಲನೆಯದನ್ನು ಬಾಯಿಪಾಠ ಮಾಡಿದೆವು. ಎರಡನೆಯದನ್ನು ಅಕೌಂಟೆಂಟರಿಗೆ ಬಿಟ್ಟೆವು.

ನಮ್ಮ ಊರಾದರೂ ಯಾವುದು? ದೇಶಕ್ಕೇ ಬ್ಯಾಂಕು ಕಟ್ಟಿಕೊಟ್ಟ ಕರಾವಳಿ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಕರ್ನಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ ಉಡುಪಿಯಲ್ಲಿ, ವಿಜಯಾ 1931ರಲ್ಲಿ. ಆಮೇಲೆ ಕಾರ್ಪೊರೇಷನ್ ಬ್ಯಾಂಕ್ ಎಂದಾದ ಸಂಸ್ಥೆಯನ್ನು 1906ರಲ್ಲಿ ಉಡುಪಿಯಲ್ಲಿ ಆರಂಭಿಸಿದವರು ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಸಾಹೇಬರು. ನಮ್ಮ ಅಜ್ಜಂದಿರ ಕಾಲದಲ್ಲೇ ಮನೆಬಾಗಿಲಿಗೆ ಬಂದು ಪಿಗ್ಮಿ ಎಂದು ಎರಡಾಣೆ ಸಂಗ್ರಹಿಸಿದ ಊರು ಇದು. ಇಂಥ ಊರಿನ ಮಕ್ಕಳು ಪಾಸ್‌ಬುಕ್ಕಿನ ಒಂದು ಸಾಲು ಓದಲಾಗದೆ ಕೂತಿದ್ದೇವೆ.

ಹೊಣೆ ನಮ್ಮ ಸಂಘಟನೆಗಳದ್ದೂ ಹೌದು. ರಕ್ತದಾನ ಶಿಬಿರ ಮಾಡುತ್ತೇವೆ, ಇಫ್ತಾರ್ ಕೂಟ ಮಾಡುತ್ತೇವೆ, ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ. ಎಲ್ಲಾ ಒಳ್ಳೆಯದೇ. ಆದರೆ ವರ್ಷಕ್ಕೊಂದು ಶುಕ್ರವಾರ, ಜುಮಾ ಮುಗಿದ ಮೇಲೆ, ಲೇಬರ್ ಕ್ಯಾಂಪಿನಲ್ಲಿ ಮೂವತ್ತು ಜನರನ್ನು ಕೂರಿಸಿ "ಫೋನಿನಲ್ಲಿ ಸ್ಟೇಟ್‌ಮೆಂಟ್ ತೆಗೆಯಿರಿ, ಬಡ್ಡಿಯ ಸಾಲು ಹುಡುಕಿ" ಎಂದು ಯಾರಾದರೂ ಹೇಳಿದ್ದೇವೆಯೇ? ಮಿಂಬರಿನಿಂದ ಬಡ್ಡಿ ಹರಾಮ್ ಎಂದು ಕೇಳಿ ಹೊರಗೆ ಬಂದವನಿಗೆ, ಅವನ ಜೇಬಿನಲ್ಲೇ ಇರುವ ಬಡ್ಡಿ ಎಷ್ಟೆಂದು ತೋರಿಸುವ ಕೆಲಸ ನಮ್ಮಂಥ ನಾಲ್ಕಕ್ಷರ ಕಲಿತವರದ್ದು.

ಊರಿನಲ್ಲಿ ಈ ಪತ್ರಿಕೆ ಓದುವ ತಾಯಂದಿರೇ, ಅಕ್ಕ ತಂಗಿಯರೇ, ಎಟಿಎಂ ಕಾರ್ಡು ನಿಮ್ಮ ಕೈಯಲ್ಲಿ ಉಂಟು, ಪಾಸ್‌ಬುಕ್ಕೂ ನಿಮ್ಮ ಕಪಾಟಿನಲ್ಲೇ ಉಂಟು. ಮನೆಯ ನಿಜವಾದ ಅಕೌಂಟೆಂಟರು ನೀವು. ಈ ತಿಂಗಳು ಒಮ್ಮೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಪ್ರಿಂಟ್ ಹಾಕಿಸಿ. ಬಡ್ಡಿ ಬಿದ್ದ ಸಾಲಿಗೆಲ್ಲಾ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ಕೂಡಿಸಿ. ಆ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದು, ದೂರದಲ್ಲಿರುವ ಗಂಡನಿಗೋ ಮಗನಿಗೋ ಫೋಟೋ ತೆಗೆದು ಕಳಿಸಿ. ಖಾತೆ ಎಸ್‌ಬಿಯೋ ಎನ್‌ಆರ್‌ಒವೋ ಎನ್‌ಆರ್‌ಇಯೋ ಎಂದು ಕೌಂಟರಿನಲ್ಲೇ ಕೇಳಿ ಅದನ್ನೂ ಬರೆಯಿರಿ.

ಮುಂದಿನ ರಂಝಾನ್‌ನಲ್ಲಿ ನೀವು ಕರೆ ಮಾಡಿದಾಗ ನಾವು ಮತ್ತೆ ಅದೇ ಪ್ರಶ್ನೆ ಕೇಳುತ್ತೇವೆ: "ಅದರಲ್ಲಿ ಬಡ್ಡಿ ಎಷ್ಟು?" ಆಗ ನೀವು "ನಮಗೆ ಅದು ಬೇಡ" ಎನ್ನಿ, ಸಂತೋಷ. ಅದಕ್ಕೂ ಮೊದಲು ಅಂಕಿ ಹೇಳಿ.